ಅಗ್ಗದ ಬೆಲೆಯ ಫೇಸ್ ಪೌಡರ್ ಮತ್ತು ಜಾಲರಿಯಡಿಯ ಗುಲಾಬಿ ಬಣ್ಣ

ಮುಖದಲ್ಲಿ ಜಿಡ್ಡು ಹೆಚ್ಚಿರುವವರು ಮುಂಬಯಿಯ ಸಗಟು ಓಣಿಗಳಲ್ಲಿ ಅಗ್ಗದ ಫೇಸ್ ಪೌಡರ್ ಹುಡುಕುತ್ತಿದ್ದರೆ, ಹಣ ಕೊಡುವ ಮುನ್ನ ನನ್ನ ಕಥೆಯನ್ನೊಮ್ಮೆ ಓದಿಬಿಡಿ.

ಧಾರವಾಡದಲ್ಲಿರುವವರೆಗೆ ನನ್ನ ಜಿಡ್ಡು ಮುಖ ನನಗೆ ತೊಂದರೆಯೆಂದೇ ಅನ್ನಿಸಿರಲಿಲ್ಲ. ಮದುವೆಯಾಗಿ ಡೊಂಬಿವಲಿಗೆ ಬಂದು, ಬೆಳಗಿನ ಫಾಸ್ಟ್ ಲೋಕಲ್‌ನ ಲೇಡೀಸ್ ಡಬ್ಬದಲ್ಲಿ ಒಂದು ಗಂಟೆಗೂ ಮಿಕ್ಕಿ ನಿಂತು ಸಿಎಸ್‌ಎಂಟಿ ನಿಲ್ದಾಣ ತಲುಪುವ ದಿನಚರಿ ಶುರುವಾದ ಮೇಲೆ, ಕಚೇರಿಯ ಲಿಫ್ಟಿನ ಕನ್ನಡಿಯಲ್ಲಿ ಕಾಣುವ ನನ್ನ ಹಣೆ, ಮೂಗು, ಗದ್ದಗಳು ತುಪ್ಪ ಸವರಿದ ಹೋಳಿಗೆಯಂತೆ ಹೊಳೆಯತೊಡಗಿದವು. ಮಳೆ ನಿಂತು ಬಿಸಿಲು ಮರಳುವ ಅಕ್ಟೋಬರಿನಲ್ಲಂತೂ ಹೇಳುವುದೇ ಬೇಡ. ಮನೆಯಲ್ಲಿದ್ದ ಸಾಧಾರಣ ಟಾಲ್ಕಂ ಪೌಡರು ಠಾಣೆ ದಾಟುವಷ್ಟರಲ್ಲಿ ಬೆವರಿನಲ್ಲಿ ಕಲಸಿ ಗೆರೆಗೆರೆಯಾಗುತ್ತಿತ್ತು.

ಹೊಳಪು ತಡೆಯುವ ಲೂಸ್ ಪೌಡರ್ ಎಂಬುದೊಂದಿದೆ, ಅದರಲ್ಲಿ ಸಿಲಿಕಾ ಇರುತ್ತದೆ ಎಂದು ಕಚೇರಿಯ ಗೆಳತಿಯೊಬ್ಬಳು ಹೇಳಿದಳು. ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಟಾಲ್ಕ್ ಮುಖದ ಮೇಲೆ ನುಣುಪಾಗಿ ಹರಡಿಕೊಂಡು ಹೊಳಪನ್ನು ಮರೆಮಾಡುತ್ತದೆ. ಸೂಕ್ಷ್ಮ ರಂಧ್ರಗಳುಳ್ಳ ಸಿಲಿಕಾದ ಕಣಗಳಾದರೋ ಎಣ್ಣೆಯನ್ನು ಒಳಗೆ ಹೀರಿಕೊಳ್ಳುತ್ತವೆ. ಆದರೆ ಒಳ್ಳೆಯ ಕಂಪನಿಯ ಡಬ್ಬಿಯ ಬೆಲೆ 1,400 ರೂಪಾಯಿ. ಅಷ್ಟು ಕೊಡಲು ಮನಸ್ಸು ಒಪ್ಪದೆ, ಶನಿವಾರ ಮಧ್ಯಾಹ್ನ ನಾದಿನಿಯನ್ನು ಕರೆದುಕೊಂಡು ಕ್ರಾಫರ್ಡ್ ಮಾರ್ಕೆಟ್ಟಿನ ಸುತ್ತಲಿನ ಓಣಿಗಳಿಗೆ ಹೋದೆ. ಒಂದು ಚಿಕ್ಕ ಅಂಗಡಿಯಲ್ಲಿ ಅದೇ ಡಬ್ಬಿ, ಅದೇ ಅಕ್ಷರ, ಅದೇ ಮುಚ್ಚಳ, ಬೆಲೆ ಮಾತ್ರ 450. "ಎಕ್ಸ್‌ಪೋರ್ಟಿನ ಮಾಲು, ಬಾಕ್ಸ್ ಇಲ್ಲ, ಅದಕ್ಕೇ ಅಗ್ಗ" ಎಂದ ಅಂಗಡಿಯವನ ಮಾತು ನಂಬುವಂತೆಯೇ ಇತ್ತು. "ವೈನಿ, ಬಿಲ್ ಕೇಳ್ರಿ" ಎಂದು ನಾದಿನಿ ಮೊಣಕೈಯಿಂದ ತಿವಿದಳು. ಬಿಲ್ ಬೇಕಾದರೆ ಬೆಲೆ ಬೇರೆ ಎಂದು ಆತ ನಕ್ಕ. ನಾನೂ ನಕ್ಕು ಸುಮ್ಮನಾದೆ.

ಮೊದಲ ದಿನ ಮುಖ ಒಣಗಿದ ಗೋಡೆಯಂತೆ ಮಂಕಾಗಿ ಕಂಡಾಗ ನನಗೆ ಸಂತೋಷವೇ ಆಯಿತು. ಮುಕ್ಕಾಲು ಗಂಟೆಯಲ್ಲಿ ಹೊಳಪು ಮರಳಿತು. ಮೇಲೆ ಇನ್ನೊಂದು ಪದರ ಹಚ್ಚಿದೆ, ಮಧ್ಯಾಹ್ನ ಮತ್ತೊಂದು. ಸಂಜೆಯ ಹೊತ್ತಿಗೆ ಮೂಗಿನ ಇಕ್ಕೆಲಗಳಲ್ಲಿ ಪುಡಿ ಹಿಟ್ಟಿನ ಅಂಟಿನಂತೆ ಕೂತಿತ್ತು. ಬೆರಳಿನಿಂದ ಉಜ್ಜಿದರೆ ಸಣ್ಣ ಉರುಳೆಗಳಾಗಿ ಬರುತ್ತಿತ್ತು. ಅದರಲ್ಲಿ ಅಗ್ಗದ ಪಿಷ್ಟ ಹೆಚ್ಚಾಗಿ ಬೆರೆತಿರಬಹುದೆಂದು ಈಗ ನನ್ನ ಊಹೆ. ಆ ವಾರವೇ ಮಾಟುಂಗದಲ್ಲಿ ನೆಂಟರ ಮದುವೆಯಿತ್ತು. ಫ್ಲ್ಯಾಶ್ ಬೆಳಕಿನಲ್ಲಿ ತೆಗೆದ ಎಲ್ಲ ಫೋಟೊಗಳಲ್ಲಿ ನನ್ನ ಕಣ್ಣಿನ ಕೆಳಗೂ ಮೂಗಿನ ಮೇಲೂ ಸುಣ್ಣ ಬಳಿದಂತಹ ಬಿಳಿ ಮಚ್ಚೆಗಳು. ಸಿಲಿಕಾ ಇರುವ ಅಸಲಿ ಪುಡಿಯೂ ಹೆಚ್ಚಾದರೆ ಫ್ಲ್ಯಾಶ್ ಬೆಳಕನ್ನು ಹೀಗೆಯೇ ಹಿಂದಕ್ಕೆ ಎಸೆಯುತ್ತದೆಯಾದ್ದರಿಂದ, ಅದೊಂದು ತಪ್ಪನ್ನು ನಾನು ಅಂಗಡಿಯವನ ತಲೆಗೆ ಕಟ್ಟಲಾರೆ.

ಹತ್ತನೆಯ ದಿನ ತುರಿಕೆ ಶುರುವಾಯಿತು. ಕೆನ್ನೆಯಲ್ಲಿ ಕೆಂಪು, ಅದರ ಮೇಲೆ ಸಾಸಿವೆಯಷ್ಟು ಚಿಕ್ಕ ಗುಳ್ಳೆಗಳು. ಅಮ್ಮ ಫೋನಿನಲ್ಲಿ "ಆ ಪುಡಿ ಬಿಟ್ಟು ಕಡ್ಲಿಹಿಟ್ಟು ಹಚ್ಚಿ ಮುಖಾ ತೊಳಕೊ" ಎಂದರು. ಅವರ ಮಾತಿನ ಮೊದಲರ್ಧವನ್ನಾದರೂ ಕೇಳಬೇಕಿತ್ತು. ನಾನು ಪುಡಿಯನ್ನೂ ಬಿಡದೆ, ಮೂಲೆಯ ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಟ್ಟ ಮುಲಾಮನ್ನೂ ಹಚ್ಚಿದೆ. ಎರಡೇ ದಿನದಲ್ಲಿ ಕೆಂಪು ಮಾಯವಾಯಿತು, ಬಿಟ್ಟೊಡನೆ ಇಮ್ಮಡಿಯಾಗಿ ಬಂತು. ಅದು ಸ್ಟೆರಾಯ್ಡ್ ಮುಲಾಮು ಎಂದು ತಿಳಿದದ್ದು ಚರ್ಮವೈದ್ಯರು ಅದರ ಟ್ಯೂಬನ್ನು ತಿರುಗಿಸಿ ಓದಿದಾಗ. ಇಂಥ ಮುಲಾಮುಗಳನ್ನು ವೈದ್ಯರ ನಿಗಾ ಇಲ್ಲದೆ ಮುಖಕ್ಕೆ ಹಚ್ಚುತ್ತಿದ್ದರೆ ಚರ್ಮ ತೆಳುವಾಗುತ್ತದೆ, ಮೊಡವೆ ಹೆಚ್ಚುತ್ತದೆ, ಬಿಟ್ಟಾಗ ಉರಿ ಮರುಕಳಿಸುತ್ತದೆ ಎಂದು ಅವರು ಬೈಯದೆಯೇ ಬೈದರು.

ಮುಂದಿನ ಭೇಟಿಗೆ ಪೌಡರಿನ ಡಬ್ಬಿಯನ್ನೂ ತರಲು ಹೇಳಿದ್ದರು. ಅವರ ಮೇಜಿನ ಮೇಲೆ, ಉಗುರು ಕತ್ತರಿಯ ತುದಿಯಿಂದ ಪುಡಿ ಉದುರುವ ಪ್ಲಾಸ್ಟಿಕ್ ಜಾಲರಿಯನ್ನು ನಾನೇ ಎಬ್ಬಿಸಿದೆ. ಡಬ್ಬಿಯಲ್ಲಿದ್ದ ಪುಡಿ ಹಳದಿ ಬೆರೆತ ಬಿಳಿ. ಜಾಲರಿ ಕೂರುವ ಕಚ್ಚಿನಲ್ಲಿ ಗಟ್ಟಿಯಾಗಿ ಅಂಟಿಕೊಂಡಿದ್ದುದು ತಿಳಿ ಗುಲಾಬಿ. ನನಗಿಂತ ಮೊದಲು ಯಾರೋ ಬಳಸಿ ಮುಗಿಸಿದ್ದ ಡಬ್ಬಿಗೆ ಬೇರೇನನ್ನೋ ತುಂಬಿದ್ದರು. ಮುಟ್ಟಿದ ಬೆರಳನ್ನು ಸೀರೆಯ ಸೆರಗಿಗೆ ಒರೆಸಿಕೊಂಡದ್ದು ನನಗೆ ಇನ್ನೂ ನೆನಪಿದೆ.

ಆಮೇಲೆ ಡಬ್ಬಿಯ ತಳವನ್ನು ಓದಿದೆ, ಅಂಗಡಿಯಲ್ಲೇ ಓದಬೇಕಿತ್ತು. ನಮ್ಮ ದೇಶದ 2020ರ ಸೌಂದರ್ಯವರ್ಧಕಗಳ ನಿಯಮಾವಳಿಯಂತೆ, ಇಲ್ಲಿ ತಯಾರಾದ ವಸ್ತುವಿನ ಮೇಲೆ ತಯಾರಕರ ಹೆಸರು ವಿಳಾಸ, ತಯಾರಿಕಾ ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ಯಾವಾಗಿನೊಳಗೆ ಬಳಸಬೇಕೆಂಬ ದಿನಾಂಕ ಇರಬೇಕು. ಹೊರದೇಶದ್ದಾದರೆ ನೋಂದಣಿ ಪ್ರಮಾಣಪತ್ರದ ಸಂಖ್ಯೆ ಮತ್ತು ಅದನ್ನು ಪಡೆದವರ ಹೆಸರು ವಿಳಾಸ ಇರಬೇಕು. ನನ್ನ "ಎಕ್ಸ್‌ಪೋರ್ಟ್ ಮಾಲಿ"ನ ಮೇಲೆ ಇವೆರಡರಲ್ಲಿ ಯಾವ ಬಗೆಯ ವಿವರವೂ ಪೂರ್ತಿ ಇರಲಿಲ್ಲ. ಬ್ಯಾಚ್ ಸಂಖ್ಯೆ ಇದ್ದ ಜಾಗವನ್ನು ಕೆರೆದಿದ್ದರು.

ಗುಳ್ಳೆಗಳಷ್ಟೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಟಾಲ್ಕ್ ನೆಲದಿಂದ ಅಗೆದು ತೆಗೆಯುವ ಖನಿಜ. ಕೆಲವು ಗಣಿಗಳಲ್ಲಿ ಅದರ ಪಕ್ಕದಲ್ಲೇ ಕ್ಯಾನ್ಸರ್ ತರುವ ಆಸ್ಬೆಸ್ಟಾಸ್ ಕೂಡ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2024ರಲ್ಲಿ ಟಾಲ್ಕನ್ನೇ "ಬಹುಶಃ ಕ್ಯಾನ್ಸರ್ ತರಬಲ್ಲದ್ದು" ಎಂಬ ಗುಂಪಿಗೆ ಸೇರಿಸಿದೆ. ಅದರ ಬಗ್ಗೆ ವಾದಗಳಿರಲಿ, ಲೈಸೆನ್ಸ್ ಇರುವ ತಯಾರಕನಾದರೆ ಕಚ್ಚಾ ವಸ್ತುವಿಗೆ ಉತ್ತರ ಕೊಡಬೇಕಾಗುತ್ತದೆ. ಚಮಚದಿಂದ ಹಳೆಯ ಡಬ್ಬಿ ತುಂಬುವವನನ್ನು ಕೇಳುವವರು ಯಾರು?

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುವ ದಾರಿಯಿತ್ತು. ಆದರೆ ತೋರಿಸಲು ನನ್ನ ಬಳಿ ಬಿಲ್ ಇರಲಿಲ್ಲ, ಹಣವನ್ನೂ ನಗದಾಗಿಯೇ ಕೊಟ್ಟಿದ್ದೆ. ಉಳಿಸಿದ್ದು 950 ರೂಪಾಯಿ. ವೈದ್ಯರಿಗೂ ಔಷಧಿಗೂ ಅದರ ಮೂರು ಪಟ್ಟು ಹೋಯಿತು.

ಆರು ವಾರ ಮುಖಕ್ಕೆ ಯಾವ ಪುಡಿಯನ್ನೂ ಹಾಕಲಿಲ್ಲ. ಈಗ ಬಿಲ್ ಸಹಿತ ಕೊಂಡ, ಸುಗಂಧವಿಲ್ಲದ ಪುಟ್ಟ ಕಾಂಪ್ಯಾಕ್ಟ್ ಬಳಸುತ್ತಿದ್ದೇನೆ. ವೈದ್ಯರು ಹೇಳಿಕೊಟ್ಟ ಒಂದು ಸರಳ ವಿಷಯ ಅದಕ್ಕಿಂತ ಹೆಚ್ಚು ನೆರವಾಗಿದೆ: ಮುಂಬಯಿಯ ತೇವದ ಗಾಳಿಯಲ್ಲಿ ಬೆವರು ಬೇಗ ಆರುವುದಿಲ್ಲವಾದ್ದರಿಂದ ಮುಖದ ಹೊಳಪಿನಲ್ಲಿ ಬೆವರಿನದ್ದೂ ಪಾಲಿರುತ್ತದೆ, ಮೊದಲು ಟಿಶ್ಯೂ ಕಾಗದವನ್ನು ಒತ್ತಿ ಬೆವರು, ಜಿಡ್ಡು ಎರಡನ್ನೂ ತೆಗೆದು, ಆಮೇಲೆ ಹಣೆ ಮತ್ತು ಮೂಗಿಗಷ್ಟೇ ತೆಳುವಾಗಿ ಪುಡಿ ಒತ್ತಬೇಕು. ಜಿಡ್ಡಿನ ಮೇಲೆಯೇ ಪದರ ಹಚ್ಚಿದರೆ ಅಸಲಿ ಪುಡಿಯೂ ಅಂಟಾಗುತ್ತದೆ.

ಖಾಲಿಯಾದ ಡಬ್ಬಿಗಳನ್ನು ನಾನು ಮೊದಲು ಹಾಗೆಯೇ ಭಂಗಾರಿನವನಿಗೆ, ಅಂದರೆ ಗುಜರಿಯವನಿಗೆ, ಹಾಕುತ್ತಿದ್ದೆ. ಈಗ ಜಾಲರಿಯನ್ನು ಕತ್ತರಿಯಿಂದ ಹರಿದು, ಹೆಸರಿನ ಮೇಲೆ ಅಡ್ಡಡ್ಡ ಗೀರಿ ಕೊಡುತ್ತೇನೆ. ಹಾಗೆ ಕೊಟ್ಟ ಮೊದಲ ಡಬ್ಬಿಯನ್ನು ಆತ ತಿರುಗಿಸಿ ನೋಡಿ, ಇದಕ್ಕೆ ಬೆಲೆಯಿಲ್ಲ ಎಂದು ಮರಳಿಸಿದ.