ಜಿಎಸ್‌ಟಿ ನೋಟಿಸಿಗೆ ಹೆದರಿ ಏಜೆಂಟ್ ಕೈಗೆ ಆಧಾರ್ ಕೊಡುವ ಮೊದಲು ಇದನ್ನು ಓದಿ

ಉಡುಪಿಯಲ್ಲಿ ಮಲ್ಲಿಗೆ ಮತ್ತು ಪೂಜಾ ಸಾಮಾನು ಮಾರುವ ಒಂದು ಅಂಗಡಿ. ನಡೆಸುವುದು ಗಂಡ ಹೆಂಡತಿ ಇಬ್ಬರೇ. ಇವತ್ತು ಅವರ ಪ್ಯಾನ್ ನಂಬರಿನ ಮೇಲೆ ಗುಜರಿ ಕಬ್ಬಿಣದ ಕೋಟಿಗಟ್ಟಲೆ ವ್ಯಾಪಾರ ದಾಖಲಾಗಿದೆ, ಅದರ ತೆರಿಗೆ ಕಟ್ಟಿ ಎಂದು ಇಲಾಖೆ ಕೇಳುತ್ತಿದೆ. ಅವರು ಕಬ್ಬಿಣ ಮಾರಿದ್ದೇ ಇಲ್ಲ. ವಿಚಿತ್ರವೆಂದರೆ, ಅವರಿಗೆ ಜಿಎಸ್‌ಟಿ ನೋಂದಣಿಯ ಅಗತ್ಯವೇ ಇರಲಿಲ್ಲ. ಅಂಗಡಿಯ ಹೆಸರು ಇಲ್ಲಿ ಬೇಡ. ಆದದ್ದು ಹೇಗೆ ಎಂಬುದನ್ನು ಉಳಿದವರು ತಿಳಿದುಕೊಳ್ಳಲಿ.

ಹಿನ್ನೆಲೆ ಗೊತ್ತಿರುವುದೇ. 2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ 29 ಲಕ್ಷದ ನೋಟಿಸ್ ಬಂದ ಸುದ್ದಿ ಎಲ್ಲ ಕಡೆ ಹರಿದಾಡಿತು. ಬಂದ್ ಮಾಡುತ್ತೇವೆಂದು ವ್ಯಾಪಾರಿಗಳು ಎದ್ದಾಗ ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ಕರೆದರು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ವರ್ಷದ ವಹಿವಾಟಿನ ಮಿತಿ ದಾಟಿದವರು ನೋಂದಣಿ ಮಾಡಿಸಲೇಬೇಕು ಎಂದರು. ಜನರ ಕಿವಿಗೆ ಬಿದ್ದದ್ದು ಕೊನೆಯ ಅರ್ಧ ಮಾತ್ರ. ‘ನೋಂದಣಿ ಮಾಡಿಸಿ ಕೊಡ್ತೇವೆ’ ಎನ್ನುವವರು ಪೇಟೆಯ ಬೀದಿ ಬೀದಿಯಲ್ಲಿ ಹುಟ್ಟಿಕೊಂಡರು.

ಈ ಅಂಗಡಿಗೂ ಇಲಾಖೆಯ ಪತ್ರ ಬಂದಿತ್ತು. ಅದರ ಬೆನ್ನಿಗೆ ಬಂದವನೂ ಅಂಥವನೇ. ‘ನೀವೇನೂ ತಲೆಬಿಸಿ ಮಾಡ್ಬೇಡಿ, ಎಲ್ಲ ನಾನು ನೋಡಿಕೊಳ್ತೇನೆ’ ಎಂದ. ಸರ್ಕಾರಿ ಫೀಸು ಎಂದು ಕೆಲವು ಸಾವಿರ ಪಡೆದ. ಜಿಎಸ್‌ಟಿ ನೋಂದಣಿಗೆ ಸರ್ಕಾರ ಒಂದು ರೂಪಾಯಿಯೂ ತೆಗೆದುಕೊಳ್ಳುವುದಿಲ್ಲ. ಲೆಕ್ಕಪತ್ರದವರು ತಮ್ಮ ಕೆಲಸಕ್ಕೆ ಕೂಲಿ ಕೇಳಿದರೆ ಅದು ಬೇರೆ, ಅದಕ್ಕೆ ರಶೀದಿ ಕೊಡುತ್ತಾರೆ. ಆಧಾರ್, ಪ್ಯಾನ್, ಫೋಟೊ, ಮೆಸ್ಕಾಂ ಬಿಲ್, ಬಾಡಿಗೆ ಕರಾರು ಇಷ್ಟನ್ನೂ ಫೋನಿನಲ್ಲಿ ಫೋಟೊ ಹೊಡೆದುಕೊಂಡ. ಆಮೇಲೆ ‘ಒಂದು ಒಟಿಪಿ ಬಂದಿರ್ತದೆ, ಹೇಳಿ’ ಎಂದ. ಹೇಳಿದರು.

ಆ ‘ಒಂದು’ ಒಟಿಪಿಯಲ್ಲೇ ಸಂಗತಿ ಇರುವುದು. ನೋಂದಣಿ ಅರ್ಜಿಯ ಮೊದಲ ಭಾಗದಲ್ಲಿ ಮೊಬೈಲಿಗೆ ಒಂದು, ಇಮೇಲಿಗೆ ಇನ್ನೊಂದು, ಹೀಗೆ ಎರಡು ಬೇರೆ ಬೇರೆ ಒಟಿಪಿ ಬರುತ್ತವೆ. ಆಗ ಸಿಗುವ ತಾತ್ಕಾಲಿಕ ನಂಬರ್ 15 ದಿನ ಚಾಲ್ತಿಯಲ್ಲಿರುತ್ತದೆ. ಅದನ್ನು ಹಾಕಿ ಎರಡನೇ ಭಾಗಕ್ಕೆ ಹೋಗುವಾಗ ಮತ್ತೆ ಒಟಿಪಿ. ಅರ್ಜಿ ಸಲ್ಲಿಸುವಾಗ ಸಹಿಯ ಬದಲಿಗೆ ಇನ್ನೊಂದು. ಆಧಾರ್ ದೃಢೀಕರಣದ ಒಟಿಪಿ ಇವೆಲ್ಲಕ್ಕಿಂತ ಬೇರೆ, ಅದು ಆಧಾರ್‌ಗೆ ಜೋಡಿಸಿದ ಮೊಬೈಲಿಗೇ ಬರಬೇಕು. ನಿಮ್ಮ ಫೋನಿಗೆ ಆಧಾರ್ ಒಟಿಪಿ ಒಂದೇ ಬಂದಿದ್ದರೆ ಉಳಿದವೆಲ್ಲ ಬೇರೆ ಯಾರದೋ ಫೋನಿಗೆ ಹೋಗಿವೆ. ಅಂದರೆ ಯೂಸರ್‌ನೇಮು, ಪಾಸ್‌ವರ್ಡು ಅವರ ಕೈಯಲ್ಲಿದೆ, ಇಲಾಖೆಯ ಪತ್ರಗಳೂ ಅವರ ಇಮೇಲಿಗೇ ಬರುತ್ತವೆ. ಹೂವಿನಂಗಡಿಯವರಿಗೆ ತಿಂಗಳುಗಟ್ಟಲೆ ಏನೂ ತಿಳಿಯದಿದ್ದದ್ದು ಹೀಗೆ.

ಲಾಗಿನ್ ಕೈಯಲ್ಲಿದ್ದವನು ಮಾಡಿದ್ದು ಸುಲಭದ ಕೆಲಸ. ಜಿಎಸ್‌ಟಿಆರ್-1ರಲ್ಲಿ (ಮಾರಾಟದ ವಿವರ ಕೊಡುವ ರಿಟರ್ನ್) ಕಬ್ಬಿಣ ಮಾರಿದಂತೆ ಬಿಲ್ಲುಗಳನ್ನು ಏರಿಸಿದ. ಅತ್ತ ಬಿಲ್ ಪಡೆದವರು ಖರೀದಿಯ ಮೇಲೆ ತೆರಿಗೆ ಕಟ್ಟಿದ್ದೇವೆಂದು ತೋರಿಸಿ ಅಷ್ಟನ್ನು ತಮ್ಮ ತೆರಿಗೆಯಲ್ಲಿ ಕಳೆದುಕೊಂಡರು. ತೆರಿಗೆ ಕಟ್ಟಬೇಕಾದ 3ಬಿ ರಿಟರ್ನಿನಲ್ಲಿ ಮಾತ್ರ ಆ ಮಾರಾಟವನ್ನು ತೋರಿಸಲಿಲ್ಲ. ಎರಡರ ನಡುವೆ ವ್ಯತ್ಯಾಸ ಕಂಡರೆ ಪೋರ್ಟಲ್ ತಾನಾಗಿ ಡಿಆರ್‌ಸಿ-01ಬಿ ಎಂಬ ಸೂಚನಾ ಪತ್ರ ಕಳಿಸುತ್ತದೆ, ಉತ್ತರಕ್ಕೆ 7 ದಿನ. ಜಿಎಸ್‌ಟಿಆರ್-1ರಲ್ಲಿ ತೋರಿಸಿದ್ದನ್ನು ಕಾನೂನು ‘ತಾನೇ ಒಪ್ಪಿಕೊಂಡ ತೆರಿಗೆ’ ಎಂದು ನೋಡುವುದರಿಂದ ಮತ್ತೆ ಕಾರಣ ಕೇಳುವ ನೋಟಿಸ್ ಬೇಕಾಗಿಲ್ಲ, ನೇರವಾಗಿ ವಸೂಲಿಗೆ ಇಳಿಯಬಹುದು. ಬ್ಯಾಂಕ್ ಖಾತೆ ಜಪ್ತಿಯಾದ ದಿನವೇ ಇವರಿಗೆ ವಿಷಯ ಗೊತ್ತಾದದ್ದು.

ಇನ್ನು ನೋಂದಣಿ ಬೇಕಿರಲಿಲ್ಲ ಎಂದದ್ದು ಯಾಕೆ? ಇಲಾಖೆಯ ಪತ್ರದಲ್ಲಿದ್ದದ್ದು ವರ್ಷದ ಯುಪಿಐ ಜಮೆ, ಸುಮಾರು 41 ಲಕ್ಷ. ಅದರಲ್ಲಿ 6 ಲಕ್ಷ ಗಲ್ಫಿನಲ್ಲಿರುವ ಮಗ ಊರಿನ ಖಾತೆಯಿಂದ ದಾಟಿಸಿದ ಮನೆಖರ್ಚು, 3 ಲಕ್ಷ ಚೀಟಿ ಎತ್ತಿದ ಹಣ. ಇವೆರಡೂ ವ್ಯಾಪಾರವಲ್ಲ. ಉಳಿದದ್ದು 32 ಲಕ್ಷ. ಇದಕ್ಕೆ ನಗದು ವ್ಯಾಪಾರ 5 ಲಕ್ಷ ಸೇರಿಸಲೇಬೇಕು. ಒಟ್ಟು 37 ಲಕ್ಷ. ಬರೀ ಸರಕು ಮಾರುವವರಿಗೆ ಕರ್ನಾಟಕದಲ್ಲಿ ಮಿತಿ ಆರ್ಥಿಕ ವರ್ಷಕ್ಕೆ 40 ಲಕ್ಷ. ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡಿದು, ವ್ಯಾಪಾರದ್ದಲ್ಲದ ಜಮೆಗೆ ಗುರುತು ಹಾಕಿ, ಒಂದು ಪುಟದ ಉತ್ತರ ಬರೆದು ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆದಿದ್ದರೆ ಮುಗಿಯುತ್ತಿತ್ತು.

ಇಲ್ಲೇ ಇನ್ನೊಂದು ತಪ್ಪು ತಿಳಿವಳಿಕೆ ಪೇಟೆಯಲ್ಲಿ ಓಡಾಡುತ್ತಿದೆ: ‘ಹೂವಿಗೆ ತೆರಿಗೆ ಇಲ್ಲ, ಮತ್ತೆ ಯಾಕೆ ಲೆಕ್ಕ?’ ತಾಜಾ ಹೂವಿಗೆ ತೆರಿಗೆ ಇಲ್ಲ, ನಿಜ. ತಾಜಾ ಮೀನು, ತರಕಾರಿ, ಬಿಡಿ ಹಾಲು, ವೀಳ್ಯದೆಲೆಗೂ ಇಲ್ಲ. ಇಂಥ ವಿನಾಯಿತಿ ಮಾಲು ಮಾತ್ರ ಮಾರುವವರು ಎಷ್ಟು ಕೋಟಿ ವ್ಯಾಪಾರ ಮಾಡಿದರೂ ನೋಂದಣಿ ಬೇಡ. ಬಂದರಿನ ದಕ್ಕೆಯಲ್ಲಿ ಬೂತಾಯಿ, ಬಂಗುಡೆ ಮಾರುವ ಹೆಂಗಸರು ಈ ವಿಷಯದಲ್ಲಿ ನಿಶ್ಚಿಂತೆಯಾಗಿರಬಹುದು. ಆದರೆ ಮಲ್ಲಿಗೆ ಅಟ್ಟೆಯ ಪಕ್ಕದಲ್ಲಿ ಅಗರಬತ್ತಿ ಇಟ್ಟ ಕೂಡಲೇ ಲೆಕ್ಕ ಬದಲಾಗುತ್ತದೆ. ಅಗರಬತ್ತಿಗೆ 5% ತೆರಿಗೆ ಇದೆ. ತೆರಿಗೆ ಬೀಳುವ ಮಾಲು ಸ್ವಲ್ಪವೇ ಇದ್ದರೂ, ಮಿತಿ ದಾಟಿತೇ ಎಂದು ನೋಡುವಾಗ ಹೂವು, ಅಗರಬತ್ತಿ ಎರಡರ ವಹಿವಾಟೂ ಸೇರುತ್ತದೆ. ಹೂವು 36 ಲಕ್ಷ, ಅಗರಬತ್ತಿ 5 ಲಕ್ಷವಾದರೆ 41 ಲಕ್ಷ, ನೋಂದಣಿ ಕಡ್ಡಾಯ. ತೆರಿಗೆ ಮಾತ್ರ ಆ 5 ಲಕ್ಷಕ್ಕೆ. ಲೆಕ್ಕ ಹಾಕುವುದು ಪ್ಯಾನ್ ಮೇಲೆ, ಅಂಗಡಿಯ ಮೇಲಲ್ಲ. ಉಡುಪಿಯಲ್ಲೊಂದು, ಮಲ್ಪೆಯಲ್ಲೊಂದು ಅಂಗಡಿ ಒಬ್ಬರ ಹೆಸರಿನಲ್ಲೇ ಇದ್ದರೆ ಎರಡನ್ನೂ ಕೂಡಬೇಕು.

40 ಲಕ್ಷದ ಮಿತಿ ಎಲ್ಲರಿಗೂ ಅಲ್ಲ. ತಿಂಡಿ ಹೋಟೆಲು, ಕ್ಯಾಂಟೀನು ಸೇವೆಯ ಲೆಕ್ಕಕ್ಕೆ ಬರುತ್ತವೆ, ಅವಕ್ಕೆ 20 ಲಕ್ಷ. ದಿನಕ್ಕೆ ಐದೂವರೆ ಸಾವಿರದ ವ್ಯಾಪಾರವಾದರೆ ಸಾಕು, ವರ್ಷಕ್ಕೆ ದಾಟಿ ಹೋಗುತ್ತದೆ. ಸರಕಿನ ಅಂಗಡಿಯವರು ಮಹಡಿಯ ಕೋಣೆಯನ್ನು ಆಫೀಸಿಗೆ ಬಾಡಿಗೆ ಕೊಟ್ಟಿದ್ದರೆ ‘ಬರೀ ಸರಕು’ ಎನ್ನುವಂತಿಲ್ಲ, ಅವರಿಗೂ 20 ಲಕ್ಷವೇ. ಐಸ್‌ಕ್ರೀಂ ತಯಾರಿಸುವವರಿಗೂ 20 ಲಕ್ಷ, ಮೇಲಾಗಿ ಕಾಂಪೊಸಿಷನ್ (ಸಣ್ಣ ವ್ಯಾಪಾರಿಗಳ ರಾಜಿ ತೆರಿಗೆ) ಕೂಡ ಇಲ್ಲ. ಐಸ್‌ಕ್ರೀಮಿಗೆ ಹೆಸರಾದ ಮಂಗಳೂರಿಗೆ ಇದು ಸ್ವಲ್ಪ ಅನ್ಯಾಯವೇ. ತಲಪಾಡಿ ದಾಟಿಸಿ ಮಂಜೇಶ್ವರ, ಕಾಸರಗೋಡಿನ ಅಂಗಡಿಗಳಿಗೆ ತೆರಿಗೆ ಬೀಳುವ ಮಾಲು ಕಳಿಸುವವರು ಇನ್ನೂ ಎಚ್ಚರದಿಂದಿರಬೇಕು. ಅದು ಅಂತರರಾಜ್ಯ ಮಾರಾಟ, ವ್ಯಾಪಾರ ಎಷ್ಟೇ ಸಣ್ಣದಿರಲಿ ನೋಂದಣಿ ಕಡ್ಡಾಯ, ಕಾಂಪೊಸಿಷನ್ ಸಿಗುವುದಿಲ್ಲ.

ಕಾಂಪೊಸಿಷನ್ ಎಂದರೆ ವರ್ಷಕ್ಕೆ 1.5 ಕೋಟಿವರೆಗಿನ ವ್ಯಾಪಾರಕ್ಕೆ ಇರುವ ರಾಜಿ ತೆರಿಗೆ. ಸರಕು ಮಾರುವವರಿಗೆ ತೆರಿಗೆ ಬೀಳುವ ಮಾಲಿನ ವಹಿವಾಟಿನ ಮೇಲೆ 1%, ಹೋಟೆಲಿಗೆ 5%. ಮೂರು ತಿಂಗಳಿಗೊಮ್ಮೆ, ಮುಂದಿನ ತಿಂಗಳ 18ರೊಳಗೆ ಸಿಎಂಪಿ-08ರಲ್ಲಿ ಕಟ್ಟಿ, ವರ್ಷಕ್ಕೊಂದು ಜಿಎಸ್‌ಟಿಆರ್-4 ಸಲ್ಲಿಸಿದರೆ ಆಯಿತು. ಗಿರಾಕಿಯಿಂದ ತೆರಿಗೆ ಎಂದು ಬೇರೆ ವಸೂಲಿ ಮಾಡುವಂತಿಲ್ಲ, ಖರೀದಿಯ ಮೇಲೆ ಕಟ್ಟಿದ ತೆರಿಗೆಯನ್ನು ಕಳೆಯುವಂತಿಲ್ಲ. ಸಣ್ಣ ಅಂಗಡಿಗೆ ಬಹುಮಟ್ಟಿಗೆ ಇದೇ ಸರಿ. ಹೊಸದಾಗಿ ನೋಂದಾಯಿಸುವವರು ಅರ್ಜಿಯ ಎರಡನೇ ಭಾಗದಲ್ಲೇ ‘ಕಾಂಪೊಸಿಷನ್ ಬೇಕೇ’ ಎಂಬ ಕಡೆ ‘ಹೌದು’ ಎನ್ನಬೇಕು. ಏಜೆಂಟ್ ಅದನ್ನು ಬಿಟ್ಟರೆ ನೀವು ರೆಗ್ಯುಲರ್, ಅಂದರೆ ರಾಜಿ ತೆರಿಗೆ ಇಲ್ಲದ ಸಾಮಾನ್ಯ ನೋಂದಣಿಯವರು. ಬದಲಾಯಿಸಲು ಮುಂದಿನ ಏಪ್ರಿಲ್ 1ರವರೆಗೆ ಕಾಯಬೇಕು, ಅರ್ಜಿಯನ್ನು ಮಾರ್ಚ್ 31ರೊಳಗೆ ಹಾಕಿರಬೇಕು. ಅಲ್ಲಿಯವರೆಗೆ ವ್ಯಾಪಾರ ಸೊನ್ನೆಯಾದರೂ ರಿಟರ್ನ್ ಸಲ್ಲಿಸಲೇಬೇಕು. ತಪ್ಪಿದರೆ ಸೊನ್ನೆ ರಿಟರ್ನಿಗೆ ದಿನಕ್ಕೆ 20 ರೂಪಾಯಿ, ತೆರಿಗೆ ಇದ್ದರೆ 50 ರೂಪಾಯಿ ದಂಡ, ಬಾಕಿಯ ಮೇಲೆ ವರ್ಷಕ್ಕೆ 18% ಬಡ್ಡಿ. ಮಿತಿಯ ಕೆಳಗಿದ್ದೂ ನೋಂದಣಿ ಮಾಡಿಸಿಕೊಂಡವರಿಗೆ ಮೊದಲ ರೂಪಾಯಿಯಿಂದಲೇ ತೆರಿಗೆ ಅನ್ವಯಿಸುತ್ತದೆ, 40 ಲಕ್ಷದ ಮಾತು ಮತ್ತೆ ಬರುವುದಿಲ್ಲ.

ಈಗಾಗಲೇ ಯಾರಿಗೋ ಕಾಗದ ಪತ್ರ ಕೊಟ್ಟವರು ಇವತ್ತೇ ಮಾಡಬೇಕಾದ ಕೆಲಸ ಒಂದಿದೆ. ಸರ್ಕಾರಿ ಜಿಎಸ್‌ಟಿ ಪೋರ್ಟಲಿನಲ್ಲಿ ಲಾಗಿನ್ ಇಲ್ಲದೆಯೇ ಪ್ಯಾನ್ ನಂಬರ್ ಹಾಕಿ ಹುಡುಕುವ ಸೌಲಭ್ಯ ಇದೆ. ನಿಮ್ಮ ಪ್ಯಾನ್ ಮೇಲೆ ದೇಶದಲ್ಲಿ ಎಲ್ಲೆಲ್ಲಿ ನೋಂದಣಿ ಇದೆಯೋ ಎಲ್ಲ ಕಾಣುತ್ತದೆ. 15 ಅಕ್ಷರದ ನಂಬರಿನ ಮೊದಲ ಎರಡು ಅಂಕೆ ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಬೇರೆ ಅಂಕೆಯಿಂದ ಶುರುವಾಗುವ ನಂಬರ್ ಕಂಡರೆ ಬೇರೆ ರಾಜ್ಯದಲ್ಲಿ ನಿಮ್ಮ ಹೆಸರಿನಲ್ಲಿ ಯಾರೋ ವ್ಯಾಪಾರ ತೆರೆದಿದ್ದಾರೆ ಎಂದರ್ಥ. ನಂಬರನ್ನು ಒತ್ತಿ ವಿಳಾಸ, ರೆಗ್ಯುಲರ್ ಅಥವಾ ಕಾಂಪೊಸಿಷನ್, ಯಾವ ತಿಂಗಳ ರಿಟರ್ನ್ ಸಲ್ಲಿಕೆಯಾಗಿದೆ ಎಂಬುದನ್ನು ನೋಡಿ. ನೀವು ಮಾಡದ ವ್ಯಾಪಾರದ ರಿಟರ್ನ್ ಕಂಡರೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ನಿಮ್ಮದಲ್ಲದ ನೋಂದಣಿ ಇದ್ದರೆ ಪ್ಯಾನ್ ದುರ್ಬಳಕೆಯ ದೂರನ್ನು ಪೋರ್ಟಲಿನಲ್ಲೇ ಕೊಡಬಹುದು.

ಲಾಗಿನ್ ಏಜೆಂಟ್ ಕೈಯಲ್ಲಿದ್ದರೆ ಅವನನ್ನು ಬೇಡಿಕೊಳ್ಳುವ ಅಗತ್ಯವಿಲ್ಲ. ನಿಮ್ಮ ವ್ಯಾಪ್ತಿಯ ತೆರಿಗೆ ಅಧಿಕಾರಿ ಯಾರೆಂಬುದು ಅದೇ ಹುಡುಕಾಟದ ಪುಟದಲ್ಲಿ ಇರುತ್ತದೆ. ಪ್ಯಾನ್, ಆಧಾರ್, ಅಂಗಡಿಯ ದಾಖಲೆಯೊಂದಿಗೆ ಖುದ್ದಾಗಿ ಹೋಗಿ, ಮೊಬೈಲ್ ಮತ್ತು ಇಮೇಲ್ ಬದಲಾಯಿಸಿಕೊಡಿ ಎಂದು ಲಿಖಿತ ಅರ್ಜಿ ಕೊಡಬೇಕು. ಅಧಿಕಾರಿ ಪರಿಶೀಲಿಸಿ ಹೊಸ ವಿವರ ಸೇರಿಸಿದರೆ ನಿಮ್ಮ ಇಮೇಲಿಗೇ ಯೂಸರ್‌ನೇಮ್, ತಾತ್ಕಾಲಿಕ ಪಾಸ್‌ವರ್ಡ್ ಬರುತ್ತದೆ. ಖೊಟ್ಟಿ ಬಿಲ್ ಕಂಡುಬಂದರೆ ಸೆನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧ) ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು, ಅದರ ಪ್ರತಿಯನ್ನು ಇದೇ ಅರ್ಜಿಗೆ ಲಗತ್ತಿಸಿ. ದೂರು ಇಲ್ಲದೆ ‘ನಾನಲ್ಲ’ ಎಂದರೆ ಅಧಿಕಾರಿಗೂ ಹಿಡಿಯಲು ಏನೂ ಇರುವುದಿಲ್ಲ. ಆದೇಶ ಆಗಿಹೋಗಿದ್ದರೆ ಮೇಲ್ಮನವಿಗೆ 3 ತಿಂಗಳು, ವಿವಾದದ ತೆರಿಗೆಯ 10% ಮೊದಲೇ ಕಟ್ಟಬೇಕು. ಆ ಹಂತಕ್ಕೆ ಒಳ್ಳೆಯ ಚಾರ್ಟರ್ಡ್ ಅಕೌಂಟೆಂಟ್ ಬೇಕೇ ಬೇಕು.

ಕೆಲವರು ಕ್ಯೂಆರ್ ಫಲಕ ಕಿತ್ತು ‘ಕ್ಯಾಶ್ ಮಾತ್ರ’ ಎಂದು ಬರೆದು ಅಂಟಿಸಿದ್ದಾರೆ. ನಗದು ವ್ಯಾಪಾರವೂ ಮಿತಿಯ ಲೆಕ್ಕಕ್ಕೆ ಬರುತ್ತದಾದ್ದರಿಂದ ಇದರಿಂದ ತೆರಿಗೆ ತಪ್ಪುವುದಿಲ್ಲ, ಗಿರಾಕಿ ಮಾತ್ರ ಪಕ್ಕದ ಅಂಗಡಿಗೆ ಹೋಗುತ್ತಾರೆ. ಅದರ ಬದಲು ವ್ಯಾಪಾರಕ್ಕೆಂದೇ ಬೇರೆ ಖಾತೆ ತೆರೆದು ಕ್ಯೂಆರ್ ಅದಕ್ಕೆ ಜೋಡಿಸಿ. ಮಗನ ಹಣ, ಚೀಟಿ, ಕೈಗಡ ಎಲ್ಲ ಮನೆಯ ಖಾತೆಗೇ ಬರಲಿ. ತಿಂಗಳ ಕೊನೆಗೆ ಒಂದು ನೋಟುಬುಕ್ಕಿನಲ್ಲಿ ವಿನಾಯಿತಿ ಮಾಲು, ತೆರಿಗೆಯ ಮಾಲು ಎಂದು ಎರಡು ಕಾಲಂ ಮಾಡಿ ಬರೆದಿಡಿ. ಏಪ್ರಿಲ್‌ನಿಂದ ಕೂಡುತ್ತಾ ಬಂದ ಮೊತ್ತ 35 ಲಕ್ಷಕ್ಕೆ ಮುಟ್ಟಿದಾಗಲೇ ಲೆಕ್ಕಪತ್ರದವರನ್ನು ಕಾಣಿ. ಮಿತಿ ದಾಟಿದ ಮೇಲೆ ಅರ್ಜಿಗೆ ಇರುವುದು 30 ದಿನ ಮಾತ್ರ. ಅರ್ಜಿಯನ್ನು ಅವರ ಕಂಪ್ಯೂಟರಿನಲ್ಲೇ ತುಂಬಿಸಿ, ಪರವಾಗಿಲ್ಲ. ಮೊಬೈಲ್ ನಂಬರಿನ ಜಾಗದಲ್ಲಿ ನಿಮ್ಮದೇ ನಂಬರ್ ಇದೆಯೇ ಎಂದು ಪರದೆಯಲ್ಲಿ ನೋಡಿದ ಮೇಲೆ ಒಟಿಪಿ ಹೇಳಿ.