ತರಕಾರಿ ಮಡಿಯಿರುವ ಹಿತ್ತಲಿಗೆ ನಾಟಿಯೇ, ಗಿರಿರಾಜವೇ?

ಮನೆಯ ಹಿಂದಿನ ಮೂರು ಗುಂಟೆ ಹಿತ್ತಲಿನಲ್ಲಿ ರಾಸಾಯನಿಕ ಸೋಕಿಸದೆ ಸೊಪ್ಪು ತರಕಾರಿ ಬೆಳೆಯುವ ನಾನು, ಗೊಬ್ಬರಕ್ಕೂ ಆಯಿತು, ಮೊಟ್ಟೆಗೂ ಆಯಿತು ಎಂದುಕೊಂಡು ಎರಡು ವರ್ಷಗಳ ಹಿಂದೆ ಸಂತೆಯಿಂದ ಐದು ನಾಟಿ ಹೇಂಟೆಗಳನ್ನೂ ಒಂದು ಹುಂಜವನ್ನೂ ತಂದೆ. ಅವುಗಳಲ್ಲಿ ಈಗ ಉಳಿದಿರುವುದು ಒಂದೇ ಹೇಂಟೆ. ಗೂಡಿನಲ್ಲಿರುವ ಮಿಕ್ಕ ಆರೂ ಗಿರಿರಾಜ ಎಂಬ ಸುಧಾರಿತ ತಳಿಯ ಕೋಳಿಗಳು. ನಾಟಿ ಕೋಳಿಯ ಸಾರಿನ ರುಚಿಯ ಬಗ್ಗೆ ನನ್ನ ತಕರಾರೇನೂ ಇಲ್ಲ. ಆದರೆ ಮಡಿಯ ಪಕ್ಕದಲ್ಲೇ ಕೋಳಿ ಸಾಕಬೇಕೆನ್ನುವವರಿಗೆ ನಾನು ಹೇಳುವುದು ಗಿರಿರಾಜವನ್ನೇ.

ನಾನು ಸೋತದ್ದು ಬೇಲಿಯ ವಿಷಯದಲ್ಲಿ. ಮಡಿಗಳ ಸುತ್ತ ನಾಲ್ಕು ಅಡಿ ಎತ್ತರದ ಬಲೆ ಕಟ್ಟಿ, ಅಷ್ಟು ಸಾಕೆಂದು ನಂಬಿದ್ದೆ. ನಾಟಿ ಹೇಂಟೆ ಬೇಲಿಯನ್ನು ಒಮ್ಮೆಲೇ ಹಾರುವುದಿಲ್ಲ; ಮೊದಲು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತುತ್ತದೆ, ಅಲ್ಲಿಂದ ಗೂಟದ ತುದಿಗೆ ನೆಗೆದು, ಅತ್ತಿತ್ತ ಕತ್ತು ತಿರುಗಿಸಿ ನೋಡಿ, ಆಮೇಲೆ ಒಳಗೆ ಇಳಿಯುತ್ತದೆ. ಮಳೆ ಬಿಟ್ಟು ದೀಪಾವಳಿ ಕಳೆದ ಮೇಲೆ ಹರಿವೆ, ಮೆಂತ್ಯ, ಮೂಲಂಗಿ ಬಿತ್ತಿದ್ದೆ. ಹರಿವೆ ಬೆರಳುದ್ದ ಎದ್ದಿತ್ತು. ಒಂದು ದಿನ ಪೇಟೆಗೆ ಹೋಗಿ ಮಧ್ಯಾಹ್ನ ಮರಳುವಷ್ಟರಲ್ಲಿ ಮೂರು ಮಡಿಗಳು ಬುಡಮೇಲಾಗಿದ್ದವು. ಎರಡು ಹೇಂಟೆಗಳು ಹುಡಿಯಾದ ಮಣ್ಣಿನಲ್ಲಿ ಒಂದು ಮಗ್ಗುಲಿಗೆ ಒರಗಿ, ರೆಕ್ಕೆಯಿಂದ ಮಣ್ಣನ್ನು ಮೈಮೇಲೆ ಎರಚಿಕೊಳ್ಳುತ್ತ ಕಣ್ಣು ಮುಚ್ಚಿಕೊಂಡಿದ್ದವು.

ಆ ಹೊತ್ತಿನಲ್ಲಿ ಬಂದ ಸಿಟ್ಟು ಇಳಿದ ಮೇಲೆ ಯೋಚಿಸಿದಾಗ, ತಪ್ಪು ಅವುಗಳದ್ದಲ್ಲ ಎನಿಸಿತು. ಕೊಟ್ಟಿಗೆ ಗೊಬ್ಬರ ಹಾಕಿ, ತರಗೆಲೆ ಹೊದಿಸಿ, ವರ್ಷಗಟ್ಟಲೆ ಹದಮಾಡಿದ ಮಣ್ಣಿನಲ್ಲಿ ಎರೆಹುಳುವೂ ಗೊಬ್ಬರದ ಹುಳುವೂ ಇರುವಷ್ಟು ಹಿತ್ತಲಿನ ಬೇರೆಲ್ಲೂ ಇರುವುದಿಲ್ಲ, ಹಾಗಾಗಿ ಕೋಳಿಯ ಕಾಲು ಅಲ್ಲಿಗೇ ಎಳೆಯುತ್ತದೆ. ಪರಿಚಯದವರೊಬ್ಬರ ಸಲಹೆಯಂತೆ ಒಂದೇ ಬದಿಯ ರೆಕ್ಕೆಯ ಉದ್ದ ಗರಿಗಳನ್ನು ಕತ್ತರಿಸಿದೆ. ಎರಡೂ ಬದಿ ಕತ್ತರಿಸಿದರೆ ಸಮತೋಲ ಉಳಿದು ಅಷ್ಟಿಷ್ಟು ಹಾರಬಲ್ಲವು, ಒಂದೇ ಬದಿಯಾದರೆ ವಾಲಿ ಬೀಳುತ್ತವೆ. ಕೆಲವು ತಿಂಗಳು ನೆಮ್ಮದಿಯಾಗಿತ್ತು. ಆಮೇಲೆ ಗರಿ ಉದುರುವ ಕಾಲ ಬಂದು ಹೊಸ ಗರಿ ಮೂಡಿತು, ಗೂಟದ ಮೇಲಿನ ಪಹರೆಯೂ ಮತ್ತೆ ಶುರುವಾಯಿತು. ಇದರ ನಡುವೆ, ಕತ್ತರಿಸಿದ ರೆಕ್ಕೆಯಿಂದಾಗಿ ಹಲಸಿನ ಕೊಂಬೆಗೆ ಹಾರಲಾಗದ ಒಂದು ಹೇಂಟೆಯನ್ನು ಮುಂಗುಸಿ ಹಿಡಿಯಿತು. ಎತ್ತರದ ಬೇಲಿಗೆ ಲೆಕ್ಕ ಹಾಕಿ ನೋಡಿದೆ. ಆ ದುಡ್ಡಿಗೆ ಎರಡು ವರ್ಷ ಸಂತೆಯಲ್ಲೇ ಸೊಪ್ಪು ಕೊಳ್ಳಬಹುದಿತ್ತು.

ಗಿರಿರಾಜ 1989ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಹಿತ್ತಲ ಸಾಕಣೆಗೆಂದೇ ರೂಪಿಸಿದ ತಳಿ. ನನ್ನ ಹೇಂಟೆಗಳು ಮೂರು ಕೆ.ಜಿ.ಯ ಆಸುಪಾಸಿನಲ್ಲಿವೆ; ಅದೇ ಬೇಲಿಯ ಬುಡದಲ್ಲಿ ನಿಂತು ಹರಿವೆಯನ್ನು ದಿಟ್ಟಿಸುತ್ತವೆಯೇ ಹೊರತು ಹಾರುವ ಗೋಜಿಗೆ ಹೋಗುವುದಿಲ್ಲ. ಕೆದಕುವ ಚಟ ಇವಕ್ಕೂ ಇದೆ, ಆದರೆ ಅದನ್ನು ಯಾವಾಗ ಬಳಸಿಕೊಳ್ಳಬೇಕೆಂಬ ತೀರ್ಮಾನ ನನ್ನ ಕೈಯಲ್ಲಿದೆ. ಒಂದು ಬೆಳೆ ಮುಗಿದ ಮಡಿಗೆ ಹದಿನೈದು ದಿನ ಬಿಟ್ಟರೆ ಹುಳು, ಕಳೆಬೀಜಗಳನ್ನು ಹೆಕ್ಕಿ ತಿಂದು ಮಣ್ಣನ್ನೂ ಸಡಿಲ ಮಾಡಿಕೊಡುತ್ತವೆ. ಗೂಡಿನ ಹಿಕ್ಕೆಯನ್ನು ಮಾತ್ರ ಹಸಿಯಾಗಿ ಹಾಕುವುದಿಲ್ಲ, ಬೇರು ಸುಡುತ್ತದೆ. ತರಗೆಲೆಯೊಂದಿಗೆ ರಾಶಿ ಹಾಕಿ ಮೂರು ನಾಲ್ಕು ತಿಂಗಳು ಕೊಳೆಸಿಯೇ ಬಳಸುತ್ತೇನೆ.

ಮೊಟ್ಟೆಯಲ್ಲಿ ಹೋಲಿಕೆಯೇ ಇಲ್ಲ: ನಾಟಿ ಹನ್ನೆರಡು ಹದಿನೈದು ಇಟ್ಟು ಕಾವಿಗೆ ಕೂತುಬಿಡುತ್ತದೆ, ಗಿರಿರಾಜ ಬರೀ ನುಚ್ಚಕ್ಕಿ, ತೌಡು, ಅಡುಗೆಮನೆಯ ಉಳಿಕೆಯ ಮೇಲೂ ವರ್ಷಕ್ಕೆ ನೂರರ ಗಡಿ ದಾಟಿತು. ಮೇವಿನ ಖರ್ಚು ಗಿರಿರಾಜಕ್ಕೇ ಹೆಚ್ಚು. ಕೋಳಿಗಳಿಗೆ ಬರುವ ಕೊಕ್ಕರೆ ರೋಗ (ರಾಣಿಖೇತ್) ಎರಡನ್ನೂ ಬಿಡುವುದಿಲ್ಲವಾದ್ದರಿಂದ ಲಸಿಕೆ ಎರಡಕ್ಕೂ ಬೇಕು. ಮರವೇರಲಾರದ ಗಿರಿರಾಜಕ್ಕೆ ಮುಂಗುಸಿಯ ಭಯ ಇನ್ನೂ ಹೆಚ್ಚು. ನಮ್ಮಲ್ಲಿ ಹಗಲು ನಾಯಿ ಇದೆ, ಸಂಜೆ ಆರಕ್ಕೆ ಗೂಡಿನ ಬಾಗಿಲು ಹಾಕುವುದನ್ನು ನಾನು ತಪ್ಪಿಸುವುದಿಲ್ಲ.

ಗಿರಿರಾಜದ ನಿಜವಾದ ಕೊರತೆಯೆಂದರೆ ಅದು ಕಾವಿಗೆ ಕೂರುವುದಿಲ್ಲ. ಅದರ ಮೊಟ್ಟೆಯನ್ನು ಬೇರೆ ಕೋಳಿಯಡಿ ಇಟ್ಟು ಮರಿ ಮಾಡಿಸಿದರೂ ಆ ಮರಿಗಳಲ್ಲಿ ತಾಯಿಯ ಗುಣ ಪೂರ್ತಿ ಬರುವುದಿಲ್ಲ. ಪ್ರತಿ ಸಲ ಒಂದು ದಿನದ ಮರಿಗಳನ್ನೇ ಕೊಳ್ಳಬೇಕು, ಬಲ್ಬಿನ ಶಾಖ ಕೊಡಬೇಕು, ಮಳೆಗಾಲದಲ್ಲಿ ಕರೆಂಟಿಗೆ ಕಾಯಬೇಕು. ಉಳಿದ ಆ ಒಂದು ನಾಟಿ ಹೇಂಟೆಯನ್ನು ಇಟ್ಟುಕೊಂಡಿರುವುದು ಇದಕ್ಕಾಗಿಯೇ. ಅದು ಕಾವಿಗೆ ಕೂತು ಎರಡು ವಾರವಾದ ಮೇಲೆ ಮರಿ ತಂದು, ಕತ್ತಲಾದ ನಂತರ ಮೊಟ್ಟೆಗಳನ್ನು ತೆಗೆದು ಒಂದೊಂದೇ ಮರಿಯನ್ನು ಹೊಟ್ಟೆಯಡಿ ಸರಿಸಿದೆ. ಬೆಳಗ್ಗೆ ನೋಡಿದರೆ ಎಂಟೂ ಮರಿಗಳನ್ನು ಹಿಂದಿಟ್ಟುಕೊಂಡು ನುಚ್ಚು ತೋರಿಸಿ ಕರೆಯುತ್ತಿತ್ತು.

ತರಕಾರಿಯ ಗೊಡವೆಯಿಲ್ಲದ, ಬರೀ ಅಡಿಕೆ ತೋಟವಿರುವ ಮನೆಯವರು ನಾಟಿಯನ್ನೇ ಸಾಕಲಿ. ತನ್ನ ಮೇವನ್ನು ಅರ್ಧಕ್ಕರ್ಧ ತಾನೇ ಹುಡುಕಿಕೊಳ್ಳುತ್ತದೆ. ಹಗಲಿಡೀ ಕೆಲಸಕ್ಕೆ ಹೋಗುವ, ಮಡಿ ಕಾಯಲು ಮನೆಯಲ್ಲಿ ಯಾರೂ ಇಲ್ಲದ ನನಗೆ ಗಿರಿರಾಜವೇ ಸರಿ. ಆ ಒಂದು ನಾಟಿ ಹೇಂಟೆಗೆ ಮಾತ್ರ ಹೊಸ ಗರಿ ಬಂದಾಗಲೆಲ್ಲ ಕತ್ತರಿ ಹಿಡಿಯುತ್ತೇನೆ.