ಮಕ್ಕಳ ಟೀವಿಯ ನಾಲ್ಕು ಲೋಕಗಳು: ಪಕ್ಕದಲ್ಲಿ ಕುಳಿತವಳ ಹೋಲಿಕೆ

ಮೂರು ವರ್ಷದ ಮಗಳ ಪಕ್ಕದಲ್ಲಿ ಕುಳಿತು ನಾನು ಟೆಲಿಟಬ್ಬೀಸ್, ಇನ್ ದ ನೈಟ್ ಗಾರ್ಡನ್, ಪೆಪ್ಪಾ ಪಿಗ್ ಮತ್ತು ಮೋಟು ಪತ್ಲು ಎಂಬ ನಾಲ್ಕು ಕಾರ್ಯಕ್ರಮಗಳನ್ನು ಸಾಕಷ್ಟು ನೋಡಿದ್ದೇನೆ. ನಾಲ್ಕೂ ವಿಚಿತ್ರವಾದವುಗಳೇ. ಆದರೆ ಕಣ್ಣಿಗೆ ಬಿದ್ದ ಕೂಡಲೇ ವಿಚಿತ್ರವೆನಿಸುವುದು ಒಂದು ಬಗೆಯಾದರೆ, ಯೋಚಿಸಿದಷ್ಟೂ ವಿಚಿತ್ರವಾಗುತ್ತ ಹೋಗುವುದು ಇನ್ನೊಂದು ಬಗೆ. ಈ ಭೇದವನ್ನು ಹಿಡಿದು ಇವುಗಳನ್ನು ತೂಗಿ ನೋಡಿದ್ದೇನೆ.

ಮೊದಲ ಬಗೆಯಲ್ಲಿ ಟೆಲಿಟಬ್ಬೀಸ್‌ಗೆ ಸಾಟಿಯಿಲ್ಲ. 1997ರಲ್ಲಿ ಬಿಬಿಸಿಯಲ್ಲಿ ಆರಂಭವಾದ ಈ ಸರಣಿಯಲ್ಲಿ ಉದಯಿಸುವ ಸೂರ್ಯನಿಗೆ ಹಸುಗೂಸಿನ ಮುಖವಿದೆ, ಅದು ಕಿಲಕಿಲನೆ ನಗುತ್ತದೆ. ತಲೆಯ ಮೇಲೆ ಆಂಟೆನಾ, ಹೊಟ್ಟೆಯ ಮೇಲೆ ಟೀವಿ ಪರದೆ ಇರುವ ನಾಲ್ಕು ಬಣ್ಣದ ಜೀವಿಗಳು ಹಸಿರು ದಿಬ್ಬಗಳ ನಡುವೆ ಓಡಾಡುತ್ತವೆ. ನೆಲದಿಂದ ತುತ್ತೂರಿಯಂಥ ಕೊಳವೆಗಳು ಮೇಲೆದ್ದು ಅವುಗಳೊಂದಿಗೆ ಮಾತನಾಡುತ್ತವೆ. ಮನೆಯನ್ನು ಶುಚಿಯಾಗಿಡುವ ವ್ಯಾಕ್ಯೂಮ್ ಕ್ಲೀನರಿಗೂ ಅಲ್ಲಿ ಜೀವವಿದೆ, ಹೆಸರಿದೆ, ಸ್ವಲ್ಪ ಮುಂಗೋಪವೂ ಇದೆ. ನೋಡುವವರಿಗೆ ಅಳತೆಯ ಅಂದಾಜೇ ಸಿಗದಿರುವುದಕ್ಕೆ ಒಂದು ಕಾರಣವುಂಟು. ಇಂಗ್ಲೆಂಡಿನ ವಾರ್ವಿಕ್‌ಶೈರಿನ ಹೊಲವೊಂದರಲ್ಲಿ ಚಿತ್ರೀಕರಣ ನಡೆದಾಗ ವೇಷಗಳು ಆಳೆತ್ತರವನ್ನು ಮೀರಿದ್ದುದರಿಂದ, ಸಾಧಾರಣ ಮೊಲಗಳು ಅವುಗಳ ಪಕ್ಕದಲ್ಲಿ ತೀರ ಪುಟ್ಟದಾಗಿ ಕಾಣುತ್ತವೆಂದು ದೈತ್ಯ ತಳಿಯ ಮೊಲಗಳನ್ನು ತಂದು ಬಿಟ್ಟಿದ್ದರು.

ಇಷ್ಟೆಲ್ಲ ಇದ್ದರೂ ಟೆಲಿಟಬ್ಬೀಸ್ ನಾಲ್ಕರಲ್ಲಿ ಅತ್ಯಂತ ತರ್ಕಬದ್ಧವಾದದ್ದು ಎಂಬುದು ನನ್ನ ಅಭಿಪ್ರಾಯ. ಒಂದು ಜೀವಿಯ ಹೊಟ್ಟೆಯ ಪರದೆಯ ಮೇಲೆ ನಿಜವಾದ ಮಕ್ಕಳ ಕಿರುಚಿತ್ರವೊಂದು ಓಡುತ್ತದೆ. ಅದು ಮುಗಿದೊಡನೆ ನಾಲ್ವರೂ ಮತ್ತೊಮ್ಮೆ ಬೇಕೆನ್ನುತ್ತಾರೆ, ಅದೇ ಚಿತ್ರ ಮೊದಲಿನಿಂದ ಕೊನೆಯವರೆಗೆ ಪುನಃ ಓಡುತ್ತದೆ. ಪಕ್ಕದಲ್ಲಿ ಕುಳಿತ ದೊಡ್ಡವರಿಗೆ ಇದೊಂದು ಶಿಕ್ಷೆಯೇ ಸರಿ. ಆದರೆ ಮಗು ಮೊದಲ ಸಲ ಬರಿದೇ ನೋಡುತ್ತದೆ, ಎರಡನೆಯ ಸಲ ಮುಂದೇನಾಗುತ್ತದೆಂದು ತಾನೇ ಹೇಳುತ್ತದೆ, ಹೇಳಿದ್ದು ಹಾಗೆಯೇ ನಡೆದಾಗ ಗೆದ್ದವರಂತೆ ನಮ್ಮ ಮುಖ ನೋಡುತ್ತದೆ. ಆನ್ ವುಡ್ ಅವರೊಂದಿಗೆ ಈ ಸರಣಿಯನ್ನು ರೂಪಿಸಿದ ಆ್ಯಂಡ್ರ್ಯೂ ಡೇವನ್‌ಪೋರ್ಟ್ ಮಾತಿನ ವಿಜ್ಞಾನವನ್ನು ಓದಿದವರು. ಆ ಓದಿನ ಫಲ ಇಲ್ಲಿ ಕಾಣುತ್ತದೆ. ಈ ಜೀವಿಗಳ ಮಾತು ತೊದಲುನುಡಿಯ ಹಂತದಲ್ಲೇ ಇರುವುದರಿಂದ, ಮನೆಯಲ್ಲಿ ಕನ್ನಡವನ್ನಷ್ಟೇ ಕೇಳಿ ಬೆಳೆಯುವ ಮಗುವಿಗೂ ಏನೂ ತಪ್ಪಿಹೋಗುವುದಿಲ್ಲ. ಉಳಿದ ಮೂರರ ಬಗ್ಗೆ ಈ ಮಾತನ್ನು ಹೇಳಲಾರೆ.

ಅದೇ ಡೇವನ್‌ಪೋರ್ಟ್ 2007ರಲ್ಲಿ ತಂದ ಇನ್ ದ ನೈಟ್ ಗಾರ್ಡನ್ ಮಗುವನ್ನು ಮಲಗಿಸುವುದಕ್ಕೆಂದೇ ಮಾಡಿದ ಸರಣಿ. ನೂರು ಕಂತುಗಳಲ್ಲೂ ಕೇಳಿಬರುವ ಸ್ವರ ಷೇಕ್ಸ್‌ಪಿಯರ್ ನಾಟಕಗಳಿಗೆ ಹೆಸರಾದ ನಟ ಡೆರೆಕ್ ಜಾಕೋಬಿಯವರದು. ಮಕ್ಕಾ ಪಕ್ಕಾ ಎಂಬ ಗುಂಡನೆಯ ಜೀವಿ ತನ್ನ ಕಲ್ಲುಗಳನ್ನೂ ಎದುರು ಸಿಕ್ಕವರ ಮುಖಗಳನ್ನೂ ಸ್ಪಂಜಿನಿಂದ ತೊಳೆಯುವುದನ್ನು ಅವರು ರಾಜನ ಪಟ್ಟಾಭಿಷೇಕವನ್ನು ವರ್ಣಿಸುವಷ್ಟು ಗಾಂಭೀರ್ಯದಿಂದ ಹೇಳುತ್ತಾರೆ. ಇಲ್ಲಿ ಅಳತೆಗಳು ಪೂರ್ತಿ ಕೈಬಿಟ್ಟಿವೆ. ಮರದ ಬುಡದಲ್ಲಿ ಬೆರಳುದ್ದದ ಪಾಂಟಿಪೈನ್ ಕುಟುಂಬ ವಾಸವಾಗಿದೆ, ಮರಗಳ ಮೇಲೂ ಹರಿದಾಡುವ ಪುಟ್ಟ ರೈಲಿನೊಳಗೆ ಅವರೂ ಹಿಡಿಸುತ್ತಾರೆ, ಅವರಿಗಿಂತ ಎಷ್ಟೋ ಪಟ್ಟು ದೊಡ್ಡದಾದ ನೀಲಿ ಮೈಯ ಇಗ್ಗಲ್‌ಪಿಗ್ಗಲ್ ಕೂಡ ಹಿಡಿಸುತ್ತಾನೆ. ಬೆಳಗಿನ ಹೊತ್ತು ನೋಡಿದರೆ ಇದೆಲ್ಲ ಕಿರಿಕಿರಿ ತರುತ್ತದೆ, ಆದರೆ ರಾತ್ರಿ ದೀಪ ಆರಿಸಿ ನೋಡುವಾಗ ಕನಸಿನಲ್ಲಿ ಅಳತೆ ಕೇಳುವವರಾರು ಎನಿಸಿ ಒಪ್ಪಿಗೆಯಾಗುತ್ತದೆ. ಎಲ್ಲರೂ ಮಲಗಿದ ಮೇಲೆ ಇಗ್ಗಲ್‌ಪಿಗ್ಗಲ್ ಒಬ್ಬನೇ ಎಚ್ಚರವಾಗಿ ಉಳಿಯುವ ಭಾಗ ಬರುವ ಹೊತ್ತಿಗೆ ನಮ್ಮ ಮನೆಯಲ್ಲಿ ಸಾಮಾನ್ಯವಾಗಿ ನಾನೂ ಒಬ್ಬಳೇ ಎಚ್ಚರವಾಗಿರುತ್ತೇನೆ. ಕೆಲಸ ಸಾಧಿಸುವ ದೃಷ್ಟಿಯಿಂದ ನಾಲ್ಕರಲ್ಲಿ ಇದಕ್ಕೇ ಮೊದಲ ಸ್ಥಾನ.

ಎರಡನೆಯ ಬಗೆಯ ವೈಚಿತ್ರ್ಯದಲ್ಲಿ ಗೆಲ್ಲುವುದು, 2004ರಿಂದ ಬರುತ್ತಿರುವ, ನೋಡಲು ತೀರ ಸಾಧುವಾದ ಪೆಪ್ಪಾ ಪಿಗ್. ಮುಖದ ಒಂದೇ ಪಕ್ಕಕ್ಕೆ ಎರಡೂ ಕಣ್ಣುಗಳಿರುವ ಹಂದಿಗಳು, ಪ್ರತಿಯೊಂದು ಮನೆಗೂ ಒಂದೊಂದು ಕಡಿದಾದ ಗುಡ್ಡ, ಇವನ್ನು ಚಿತ್ರಶೈಲಿಯೆಂದು ಬಿಟ್ಟುಬಿಡಬಹುದು. ಆದರೆ ಈ ಹಂದಿಯ ಕುಟುಂಬ ಬೋಗುಣಿಯಲ್ಲಿ ಮೀನೊಂದನ್ನು ಸಾಕುತ್ತದೆ, ಅದನ್ನು ಪರೀಕ್ಷಿಸುವ ಪಶುವೈದ್ಯೆ ಸ್ವತಃ ಒಂದು ಹ್ಯಾಮ್‌ಸ್ಟರ್, ಆ ವೈದ್ಯೆಯ ಸಾಕುಪ್ರಾಣಿ ಒಂದು ಆಮೆ. ಕುರಿ, ಮೊಲ, ನಾಯಿಗಳೆಲ್ಲ ಬಟ್ಟೆ ತೊಟ್ಟು ಇಂಗ್ಲಿಷ್ ಮಾತನಾಡುವ ಊರಿನಲ್ಲಿ ಅಜ್ಜಿ ಹಂದಿ ಸಾಕಿದ ಕೋಳಿಗಳಿಗೆ ಮಾತ್ರ ಬಟ್ಟೆಯೂ ಇಲ್ಲ, ಮಾತೂ ಇಲ್ಲ. ಈ ವಿಂಗಡಣೆ ಯಾರು ಮಾಡಿದರು, ಯಾವಾಗ ಮಾಡಿದರು ಎಂದು ಯಾವ ಪಾತ್ರವೂ ಕೇಳುವುದಿಲ್ಲ. ಜೊತೆಗೆ ಬಸ್ಸು ಓಡಿಸುವುದು, ಗ್ರಂಥಾಲಯ ನೋಡಿಕೊಳ್ಳುವುದು, ಸೂಪರ್ ಮಾರ್ಕೆಟ್ಟಿನಲ್ಲಿ ಬಿಲ್ ಮಾಡುವುದು, ಹೆಲಿಕಾಪ್ಟರ್ ಹಾರಿಸುವುದು, ಎಲ್ಲವನ್ನೂ ಮಿಸ್ ರ‍್ಯಾಬಿಟ್ ಎಂಬ ಒಬ್ಬಳೇ ಮಾಡುತ್ತಾಳೆ.

ಇದಕ್ಕೆ ಉತ್ತರವೆಂಬಂತೆ ಮೋಟು ಪತ್ಲುವಿನ ಫುರ್‌ಫುರಿ ನಗರದಲ್ಲಿ ಘಸೀಟಾರಾಮ್ ಇದ್ದಾನೆ. ಅವನು ಯಾವ ಕೆಲಸವನ್ನೂ ನೆಟ್ಟಗೆ ಮಾಡುವುದಿಲ್ಲ, ಆದರೆ ಪ್ರತಿಯೊಂದರಲ್ಲೂ ಇಪ್ಪತ್ತು ವರ್ಷಗಳ ಅನುಭವವಿದೆಯೆನ್ನುತ್ತಾನೆ. ಕಚೇರಿಗಳಲ್ಲಿ ದುಡಿದವರಿಗೆ ಈ ಇಬ್ಬರಲ್ಲಿ ಯಾರು ಹೆಚ್ಚು ನೈಜ ಎನಿಸುತ್ತದೆಂದು ಬೇರೆ ಹೇಳಬೇಕಿಲ್ಲ. ಲೋಟ್‌ಪೋಟ್ ಎಂಬ ಹಿಂದಿ ಮಕ್ಕಳ ಪತ್ರಿಕೆಯಿಂದ 2012ರಲ್ಲಿ ನಿಕೆಲೋಡಿಯನ್‌ಗೆ ಬಂದ ಈ ಸರಣಿಯಲ್ಲಿ ಸಮೋಸ ತಿಂದರೆ ಬಲ ಬರುತ್ತದೆ, ಎಷ್ಟು ಎತ್ತರದಿಂದ ಬಿದ್ದರೂ ಮೂಳೆ ಮುರಿಯುವುದಿಲ್ಲ. ವೈಚಿತ್ರ್ಯಕ್ಕೆ ಕೊರತೆಯಿಲ್ಲ. ಆದರೆ ಒಂದನ್ನು ನೋಡಿ ಬೆರಗಾಗುವಷ್ಟರಲ್ಲಿ ಮತ್ತೊಂದು ಹೊಡೆತ ಬೀಳುವುದರಿಂದ ಯಾವುದೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ, ಮುಗಿದ ಮೇಲೆ ಮಗಳು ಸೋಫಾದಿಂದ ಹಾರುವುದಷ್ಟೇ ಉಳಿಯುತ್ತದೆ. ದೊಡ್ಡ ಮಕ್ಕಳು ಮನೆಗೆ ಬಂದಾಗ ಮಾತ್ರ ನಮ್ಮಲ್ಲಿ ಇದಕ್ಕೆ ಅವಕಾಶ.

ಹೀಗಾಗಿ ಮಲಗುವ ವೇಳೆಗೆ ನೈಟ್ ಗಾರ್ಡನ್, ಹಗಲಿಗೆ ಟೆಲಿಟಬ್ಬೀಸ್ ಎಂದು ಗೊತ್ತುಮಾಡಿದ್ದೇನೆ. ಪೆಪ್ಪಾ ಪಿಗ್ಗನ್ನು ಮಾತ್ರ ಮಗಳಿಗಿಂತ ಹೆಚ್ಚಾಗಿ ನಾನೇ ಬಯಸಿ ಹಾಕುತ್ತೇನೆ, ಕೋಳಿಗಳ ವಿಚಾರವಿನ್ನೂ ಇತ್ಯರ್ಥವಾಗಿಲ್ಲ.